ಆರು ಕೌದಿ, ಆರು ಅಮವಾಸ್ಯೆ

ನಿನ್ನೆ ಬೆಳಿಗ್ಗೆ ಒಂದು ಕೌದಿ ಕಡಿಮೆ ಮಾಡಿದೆ! ಹೀಗೆಂದರೆ ಯಾರಿಗೂ ಏನೂ ಅರ್ಥವಾಗದು, ಗೊತ್ತು. ಆದರೂ ಹೇಳದೆ ಇರಲಾರೆ. ನಲವತ್ತಾರು ದಾಟಿ, ಸೊಂಟ ಹಿಡಿದು, ಎರಡು ವರ್ಷ ಕುರ್ಚಿಗೆ ಅಂಟಿಕೊಂಡಿದ್ದ ನಾನು, ಹಳೆಬಟ್ಟೆಯಲ್ಲಿ ಹೊಲಿದು ಮಡಿಸಿಟ್ಟ ಆರು ಕೌದಿಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಶುರುಮಾಡಿದವಳು, ನಿನ್ನೆಗೆ ಮೂರಕ್ಕೆ ಇಳಿದಿದ್ದೇನೆ. ಇನ್ನು ಮೂರು ತೆಗೆದರೆ ನೆಲ! ಗಂಗಾವತಿಯ ಈ ಮನೆಯಲ್ಲಿ ಹಾಲ್‌ನಿಂದ ಅಡಿಗೆಮನೆಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಓಡಿಯೇ ಹೋಗಿ ಅವ್ವನಿಗೆ ಹೇಳಿದೆ. ಮೆಂತ್ಯಪಲ್ಯ ಸೋಸುತ್ತಿದ್ದ ಅವ್ವ ತಲೆಯನ್ನೂ ಎತ್ತಲಿಲ್ಲ.

“ನಿಂದು ಮೊದಲಿಂದ ಅವಸರದ ಜೀವ. ಈಗ ಇಷ್ಟಕ್ಕ ನಿಲ್ಲಸು. ನಿಮ್ಮ ಅಮ್ಮ ಹೆಂಗ ಮಾಡಿದ್ರು, ನೆನಪೈತಿಲ್ಲ?”

ನೆನಪಿಲ್ಲದೆ ಏನು! ನಮ್ಮ ಮನೆಯಲ್ಲಿ ಹೆತ್ತವಳಿಗೆ ಅವ್ವ, ಅಪ್ಪನ ತಾಯಿಗೆ ಅಮ್ಮ. ನಾನು ಕೂರಲು ಇಟ್ಟುಕೊಂಡ ಆರೂ ಕೌದಿಗಳು ಅಮ್ಮ ಕೈಯಿಂದ ಹೊಲಿದವು. ಆಗ ನಾನು ನಾಲ್ಕನೆಯ ಇಯತ್ತೆ. ಕುಕನೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲಿನ ಚೌಕ ಗೋಡೆ ಬಿಟ್ಟು ಜೋಳದ ಚೀಲಗಳ ಮೇಲೆ ಬಂತೆಂದರೆ ಶಾಲೆಗೆ ಹೊತ್ತಾಯಿತು ಎಂದು ಲೆಕ್ಕ. ಅಡಿಗೆಮನೆಯಲ್ಲಿ ನೆಲದ ಒಲೆ. ಆ ಒಲೆಯ ಮುಂದಿನ ಜಾಗ ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳದು. ರೊಟ್ಟಿ ಬಡಿಯುವ ಸಪ್ಪಳ ಒಬ್ಬೊಬ್ಬ ಹೆಂಗಸಿಗೆ ಒಂದೊಂದು. ಅವ್ವನದು ಪಟಪಟ ಪಟಪಟ, ಎಲ್ಲಿಗೋ ಹೊರಟವರ ಹಾಗೆ. ಅಮ್ಮನದು ನಿಧಾನ: ದಪ್, ದಪ್, ಆಮೇಲೆ ರೊಟ್ಟಿ ತಿರುಗಿಸುವ ಒಂದು ಮೌನ, ಮತ್ತೆ ದಪ್. ಓಣಿಯ ತುದಿಯಲ್ಲಿ ಆಡುತ್ತಿದ್ದರೂ ಆ ಸಪ್ಪಳ ಕೇಳಿದರೆ ನಾನು ಹಸಿವಾಗಿ ಮನೆಗೆ ಓಡುತ್ತಿದ್ದೆ.

ಅಮ್ಮನ ಮೊಣಕಾಲು ಕೈಕೊಟ್ಟಿದ್ದು ನಾನು ಮೂರನೆಯ ಇಯತ್ತೆಯಲ್ಲಿದ್ದಾಗ. ನೆಲಕ್ಕೆ ಕೂರಿಸಲು ಇಬ್ಬರು, ಎಬ್ಬಿಸಲು ಮೂವರು ಬೇಕಾದಾಗ ಅಪ್ಪ ಕೊಪ್ಪಳದಿಂದ ಒಂದು ಕಬ್ಬಿಣದ ಮಡಿಸುವ ಕುರ್ಚಿ ತಂದುಕೊಟ್ಟರು. ಕುರ್ಚಿ ಅಡಿಗೆಮನೆಯ ಬಾಗಿಲಲ್ಲಿ ಬಂದು ಕೂತಿತು, ಒಲೆ ಅವ್ವನ ಪಾಲಿಗೆ ಹೋಯಿತು, ಮನೆಯ ನೆಮ್ಮದಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಮ್ಮನ ಕೈಗೆ ಕೆಲಸವಿಲ್ಲದ್ದರಿಂದ ಬಾಯಿಗೆ ಎರಡರಷ್ಟು ಕೆಲಸ ಬಂತು. ಹಿಟ್ಟು ಇನ್ನೂ ನಾದಬೇಕು, ನೀರು ಹೆಚ್ಚಾಯಿತು, ಅಂಚು ಒಡೆಯುತ್ತಿದೆ, ಉರಿ ಸಣ್ಣ ಮಾಡು, ಹೀಗೆ ಒಂದೊಂದು ರೊಟ್ಟಿಗೂ ಮೇಲಿನಿಂದ ಒಂದೊಂದು ಮಾತು ಬೀಳುತ್ತಿತ್ತು. ಅವ್ವ ಹಲ್ಲು ಕಚ್ಚಿಕೊಂಡು ತಿಂಗಳುಗಟ್ಟಲೆ ತಡೆದಳು. ಮುಂಗಾರಿಗೆ ಮೊದಲು ಸೆಖೆ ಕುದಿಯುತ್ತಿದ್ದ ಒಂದು ಸಂಜೆ, ಹಂಚಿನ ಮೇಲಿನ ರೊಟ್ಟಿ ಅರ್ಧಕ್ಕೆ ಹರಿದುಹೋಯಿತು. ಅಮ್ಮ ಬಾಯಿ ತೆರೆಯುವುದಕ್ಕೆ ಮೊದಲೇ ಅವ್ವ ತಿರುಗಿದಳು.

“ಮ್ಯಾಲ ಕುಂತು ಹೇಳೂದು ಭಾಳ ಸಲೀಸ ಐತ್ರಿ ಅತ್ತಿ. ಕೆಳಗ ಬಂದು ಬಡದು ತೋರಸ್ರಲ್ಲ!”

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬರುತ್ತಿದ್ದರೂ ಯಾರೂ ಅಲುಗಲಿಲ್ಲ. ಅವ್ವನಿಗೆ ತಾನು ಅಂದದ್ದು ಹೆಚ್ಚಾಯಿತೆಂದು ಆ ಕ್ಷಣಕ್ಕೇ ತಿಳಿದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಅಮ್ಮ ಗೋಡೆ ಹಿಡಿದು ಎದ್ದು ಪಡಸಾಲೆಗೆ ಹೋದಳು. ಅಂದು ಊಟಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ತಲೆ ಬಾಚುತ್ತಾ, ಜಡೆಯನ್ನು ಕಣ್ಣಲ್ಲಿ ನೀರು ಬರುವಷ್ಟು ಬಿಗಿದು ಕಟ್ಟುತ್ತಾ, ಮೆಲ್ಲಗೆ ಕೇಳಿದಳು.

“ಲೀಲೀ, ನಿಮ್ಮ ಸಾಲ್ಯಾಗ ಅದೇನೋ ಯೋಗಾ ಕಲಸ್ತಾರಂತಲ್ಲ. ನೀ ದಿನಾ ತಲಿ ಕೆಳಗ ಮಾಡಿ ಕಾಲ ಮ್ಯಾಲ ಮಾಡ್ತಿಯಲ್ಲ, ಅದು. ಎಪ್ಪತ್ತ ವರ್ಷದ ಮುದುಕಿಗೂ ಬರತೈತೇನು ಅಂತ ನಿಮ್ಮ ಮಾಸ್ತರಗ ಕೇಳಿ ಬಾ.”

ಮಾಸ್ತರರೆಂದರೆ ನಮ್ಮ ಪಿ.ಟಿ. ಮಾಸ್ತರು ಇಮಾಮಸಾಬರು. ತೆಳ್ಳಗಿನ ಮನುಷ್ಯ, ಕೊರಳಲ್ಲಿ ಸದಾ ಸೀಟಿ. ನಾನು ಕೇಳಿದ್ದಕ್ಕೆ ನಗುತ್ತಾರೆಂದು ಅಂಜಿದ್ದೆ. ಅವರು ನಗಲಿಲ್ಲ, ಆ ಭಾನುವಾರವೇ ಮನೆಗೆ ಬಂದರು! ಚಹಾ ಕುಡಿದು, ಅಮ್ಮನ ಎದುರು ಪಡಸಾಲೆಯ ನೆಲದ ಮೇಲೆ ಕೂತು, ಮೊದಲು ಒಂದೇ ಪ್ರಶ್ನೆ ಕೇಳಿದರು.

“ಯಮ್ಮಾ, ನಿಮಗ ಏನು ಬೇಕಾಗೈತಿ? ಲೀಲಾನಂಗ ತಲಿ ಕೆಳಗ ಮಾಡಿ ನಿಂದರಬೇಕೇನು?”

“ಒಲಿ ಮುಂದ ಕುಂದರಬೇಕಾಗೈತಿ.”

“ಅಷ್ಟಾ?”

“ಅಷ್ಟಾ ಅಂದ್ರ ನನಗ ಎಲ್ಲಾನೂ ಅದಾ ಮಾಸ್ತರ.”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾಸ್ತರರು ಸುತ್ತ ಕಣ್ಣಾಡಿಸಿದರು. ಪಡಸಾಲೆಯ ಮೂಲೆಯಲ್ಲಿ ಕೌದಿಗಳ ಪೇರಿಕೆ ಇತ್ತು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಆ ಹಾಸಿಗೆಗಳಲ್ಲಿ ನಮ್ಮ ಮನೆಯವರೆಲ್ಲರ ಬಟ್ಟೆಯೂ ಇತ್ತು. ಮಾಸ್ತರರು ಒಂದೊಂದನ್ನೇ ತೆಗೆದು, ನಾಲ್ಕು ಮಡಿಕೆ ಮಾಡಿ, ಒಂದರ ಮೇಲೊಂದು ಒಟ್ಟಿದರು. ಎರಡಾದಾಗ ಅಮ್ಮನಿಗೆ ಕೂರಲಾಗಲಿಲ್ಲ. ನಾಲ್ಕಾದಾಗ ಹುಬ್ಬು ಗಂಟಿಕ್ಕಿತು. ಆರನೆಯದಿಟ್ಟಾಗ ಅಮ್ಮ ಕೂತಳು, ಕಾಲು ಮಡಚಿದಳು, ಮುಖ ಸಡಿಲವಾಯಿತು. “ಇಲ್ಲಿಂದ ಶುರು,” ಎಂದರು ಮಾಸ್ತರರು. ಅಮ್ಮ ಆಗಲೇ ಬೆರಳು ಮಡಚುತ್ತಿದ್ದಳು. ಮೂರು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಅದಾದ ಮೇಲೆ ನಾಗರ ಅಮವಾಸ್ಯೆಗೆ ಒಂದು ಕೌದಿ, ಶ್ರಾವಣದ್ದಕ್ಕೆ ಒಂದು, ಮಹಾಲಯಕ್ಕೆ ಒಂದು, ದೀಪಾವಳಿಗೆ ಒಂದು, ಕಾರ್ತಿಕಕ್ಕೆ ಒಂದು, ಎಳ್ಳಮವಾಸ್ಯೆಗೆ ಕೊನೆಯದು. ಆರು ಕೌದಿ, ಆರು ಅಮವಾಸ್ಯೆ! ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಹೋಗಿ ಬೆಳೆದು ನಿಂತ ಪೈರಿಗೆ ಚರಗ ಚೆಲ್ಲುವುದು, ಅಂದರೆ ಅಡಿಗೆಯನ್ನೆಲ್ಲ ಭೂಮಿತಾಯಿಗೆ ಎರಚುವುದು ನಮ್ಮ ಕಡೆಯ ದೊಡ್ಡ ಹಬ್ಬ. ಆ ಚರಗದ ಸಜ್ಜೆರೊಟ್ಟಿಯನ್ನು ಮನೆಯ ಹಿರಿಯಳೇ ಬಡಿಯಬೇಕು. ಹಿಂದಿನ ವರ್ಷ ಅದು ಅಮ್ಮನ ಕೈ ತಪ್ಪಿತ್ತು.

“ಎಳ್ಳ ಅಮಾಸಿಗೆ ಸಜ್ಜಿರೊಟ್ಟಿ ನಾನಾ ಬಡಿತೀನಿ,” ಎಂದಳು ಅಮ್ಮ, ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ.

“ಅಮಾಸಿ ಬಂತಂತ ಮೊಣಕಾಲು ಕೇಳೂದಿಲ್ಲರಿ ಯಮ್ಮಾ,” ಎಂದರು ಮಾಸ್ತರರು. “ಮೊಣಕಾಲು ಹೂಂ ಅಂದ್ರ ತಗೀರಿ. ಒಲ್ಲೆ ಅಂದ್ರ ಬಿಡ್ರಿ. ದಿನಾ ತಪ್ಪಸಬ್ಯಾಡ್ರಿ, ಅಷ್ಟಾ.”

ದಿನವೂ ತಪ್ಪಿಸದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ನಾನು ಯಾರೂ ಕೇಳದೆಯೇ ಹೊತ್ತುಕೊಂಡೆ. ಒಂಬತ್ತು ವರ್ಷದ ಹುಡುಗಿಗೆ ಎಪ್ಪತ್ತರ ಶಿಷ್ಯೆ ಸಿಕ್ಕರೆ ಹೇಗಿರಬೇಡ! ಹಾಲು ಕರೆಯುವ ಹೊತ್ತಿಗೆ ಎದ್ದು, ಮಾಸ್ತರರ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದೆ. ಮೊದಲು ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು. ಆಮೇಲೆ ಕುರ್ಚಿಯಲ್ಲೇ ಕೂತು ಒಂದೊಂದೇ ಕಾಲು ನೀಡಿ, ಪಾದ ತಿರುಗಿಸುವುದು. ಕೊನೆಗೆ ಕೌದಿಗಳ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ ಉಸಿರು ಎಣಿಸುವುದು. ನಾನು ಒಂದು, ಎರಡು ಎಂದು ಎಣಿಸಿದರೆ ಅಮ್ಮ ಒಪ್ಪುತ್ತಿರಲಿಲ್ಲ. ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ರೈತರ ರೂಢಿಯಲ್ಲವೇ, ಅವಳು ಉಸಿರನ್ನೂ ಹಾಗೇ ಅಳೆಯುತ್ತಿದ್ದಳು. “ಲಾಭ... ಎರಡು... ಮೂರು...” ಮೊದಮೊದಲು ಆರಕ್ಕೇ ಉಸಿರು ಸಾಲದೆ ಕೈಚೆಲ್ಲುತ್ತಿದ್ದವಳು ಶ್ರಾವಣದ ಹೊತ್ತಿಗೆ ಇಪ್ಪತ್ತು ದಾಟಿಸಿದಳು. ಅಷ್ಟು ಹೊತ್ತು ನನಗೇ ಸುಮ್ಮನೆ ಕೂರಲಾಗುತ್ತಿರಲಿಲ್ಲ!

ನಾಗರ ಅಮವಾಸ್ಯೆಯ ಬೆಳಿಗ್ಗೆ ಮೊದಲ ಕೌದಿ ತೆಗೆದದ್ದು ನಮ್ಮ ಮನೆಯಲ್ಲಿ ಮದುವೆಗಿಂತ ಹೆಚ್ಚಿನ ಸಡಗರ. ಅಪ್ಪ ಅಂಗಿ ಹಾಕಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಬಂದು ನಿಂತರು. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು. ಅವ್ವ ಮಾತ್ರ ತನಗೇನೂ ಗೊತ್ತಿಲ್ಲದವಳ ಹಾಗೆ ಒಳಗೇ ಇದ್ದಳು, ಆದರೆ ಹಿಟ್ಟು ಮೆತ್ತಿದ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಇಣುಕುತ್ತಿದ್ದದ್ದನ್ನು ನಾನು ಕಂಡೆ. ಚೌಕಟ್ಟಿನ ಮೇಲೆ ಐದು ಬೆರಳಿನ ಬಿಳಿ ಗುರುತು ಸಂಜೆಯವರೆಗೂ ಇತ್ತು. ಅಮ್ಮ ಐದು ಕೌದಿಗಳ ಮೇಲೆ ಕೂತಳು. ಕಾಲು ಮಡಚಿದಳು. ಲಾಭ, ಎರಡು, ಮೂರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಕಿರುಚಿದ ರಭಸಕ್ಕೆ ಎತ್ತುಗಳು ಬೆದರಿ ಎದ್ದು ನಿಂತವು. ಅಂದಿನಿಂದ ಅವ್ವ ದಿನಾ ರಾತ್ರಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬಿಸಿ ಮಾಡಿ, ಬಟ್ಟಲನ್ನು ಅಮ್ಮನ ಹಾಸಿಗೆಯ ಪಕ್ಕ ಇಟ್ಟು ಹೋಗಿಬಿಡುತ್ತಿದ್ದಳು. ಅಮ್ಮ ಅದನ್ನು ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಆ ಸಂಜೆಯ ಮಾತು ಹಾಗೇ ಕೂತಿತ್ತು, ಯಾರೂ ಅದನ್ನು ಎತ್ತಲಿಲ್ಲ.

ಶ್ರಾವಣಕ್ಕೆ ನಾಲ್ಕಾಯಿತು. ಮಹಾಲಯಕ್ಕೆ ಮೂರಾಗಬೇಕಿತ್ತು. ಆದರೆ ಆ ಸಲ ಮಳೆ ಹಿಡಿದು, ಮಣ್ಣಿನ ಗೋಡೆಗಳೆಲ್ಲ ಥಂಡಿಯಾಗಿ, ಅಮ್ಮನ ಮೊಣಕಾಲು ಊದಿಕೊಂಡಿತು. ಮಾಸ್ತರರ ಮಾತಿನಂತೆ ಅಮ್ಮ ಕೌದಿ ತೆಗೆಯಲಿಲ್ಲ. ದೀಪಾವಳಿಗೆ ಮೂರಾಯಿತು. ಎಲ್ಲರೂ ಖುಷಿಪಟ್ಟರು, ನನ್ನೊಬ್ಬಳನ್ನು ಬಿಟ್ಟು. ನನಗೆ ಲೆಕ್ಕ ಕಣ್ಣಿಗೆ ಹೊಡೆಯುತ್ತಿತ್ತು. ಉಳಿದದ್ದು ಎರಡು ಅಮವಾಸ್ಯೆ, ಉಳಿದದ್ದು ಮೂರು ಕೌದಿ! ಎಳ್ಳಮವಾಸ್ಯೆಗೆ ಅಮ್ಮ ಇನ್ನೂ ಒಂದು ಕೌದಿಯ ಮೇಲಿರುತ್ತಾಳೆ, ರೊಟ್ಟಿ ಬಡಿಯುವ ಪರಾತ ಕೈಗೆ ಎಟುಕುವುದಿಲ್ಲ, ರೊಟ್ಟಿ ಮತ್ತೆ ಅವಳ ಕೈ ತಪ್ಪುತ್ತದೆ. ಶಾಲೆಯಲ್ಲಿ ಎಲ್ಲರಿಗೂ ನಮ್ಮ ಅಮ್ಮ ಎಳ್ಳಮವಾಸ್ಯೆಗೆ ನೆಲಕ್ಕೆ ಕೂರುತ್ತಾಳೆ ಎಂದು ಡಂಗುರ ಹೊಡೆದಿದ್ದೆ ಬೇರೆ. ನಿಜ ಹೇಳುತ್ತೇನೆ, ಅದರಲ್ಲಿ ಅಮ್ಮನ ಮೇಲಿನ ಪ್ರೀತಿ ಎಷ್ಟಿತ್ತೋ ನನ್ನ ಮಾನದ ಚಿಂತೆಯೂ ಅಷ್ಟೇ ಇತ್ತು. ಅಮ್ಮನಿಗೆ ಗೊತ್ತಾಗದಂತೆ ಒಂದು ಕೌದಿ ಕಡಿಮೆ ಮಾಡಿದರೆ? ಗೊತ್ತಾಗದಿದ್ದರೆ ಅಂಜಿಕೆಯೂ ಇರುವುದಿಲ್ಲ, ಅಂಜಿಕೆ ಇಲ್ಲದಿದ್ದರೆ ನೋವೂ ಇರುವುದಿಲ್ಲ. ಇದು ನನ್ನ ತರ್ಕ.

ಒಂದು ಬೆಳಿಗ್ಗೆ ಅಮ್ಮ ಬಚ್ಚಲಿಗೆ ಹೋದಾಗ ಮೂರರಲ್ಲಿ ನಡುವಿನ ದಪ್ಪ ಕೌದಿಯನ್ನು ಎಳೆದು ಜೋಳದ ಚೀಲಗಳ ಹಿಂದೆ ತುರುಕಿದೆ. ಆ ಜಾಗಕ್ಕೆ ನಾನು ಹುಟ್ಟಿದಾಗ ಅಮ್ಮ ನನಗೆಂದೇ ಹೊಲಿದಿದ್ದ ಕೂಸಿನ ಕೌದಿಯನ್ನು, ಅಂಗೈಯಷ್ಟೂ ದಪ್ಪವಿಲ್ಲದ್ದನ್ನು, ಮಡಿಸಿ ಇಟ್ಟೆ. ಪಕ್ಕದಿಂದ ನೋಡಿದರೆ ಮೂರೇ ಮೂರು. ಅಮ್ಮ ಬಂದಳು. ಕುರ್ಚಿ ಹಿಡಿದು, ದಿನದ ಹಾಗೆ, ನೋಡದೆಯೇ ಇಳಿದಳು. ಕೂರುವ ಎತ್ತರವನ್ನು ಅವಳ ಮೈ ನೆನಪಿಟ್ಟುಕೊಂಡಿತ್ತು. ಆ ಎತ್ತರದಲ್ಲಿ ಏನೂ ಇರಲಿಲ್ಲ. ಧೊಪ್ಪನೆ ಬಿದ್ದ ರಭಸಕ್ಕೆ ಬಲಮೊಣಕಾಲು ತಿರುಚಿಕೊಂಡಿತು. ಅವಳು ಕೂಗಲಿಲ್ಲ, ಹಲ್ಲುಗಳ ನಡುವೆ ಉಸಿರು ಎಳೆದುಕೊಂಡಳು. ಆ ಉಸಿರು ನನಗೆ ಈಗಲೂ ಕೇಳಿಸುತ್ತದೆ. ಅಪ್ಪ, ಅವ್ವ ಓಡಿಬಂದು ಎತ್ತಿ ಕುರ್ಚಿಗೆ ಕೂರಿಸಿದರು.

“ಏನಾತು? ಹೆಂಗ ಬಿದ್ದಿ?” ಎಂದರು ಅಪ್ಪ.

“ಯಾರದೂ ತಪ್ಪಲ್ಲ. ನನ್ನ ಕಾಲಾ ಜಾರಿತು,” ಎಂದಳು ಅಮ್ಮ. ಅವ್ವ ಕೌದಿಗಳನ್ನು ತೆಗೆಯಲು ಬಗ್ಗಿದಾಗ ತಡೆದಳು. “ಅವನ್ನ ಯಾರೂ ಮುಟ್ಟಬ್ಯಾಡ್ರಿ. ನಾನಾ ಆಮ್ಯಾಲ ತಗದ ಇಡ್ತೀನಿ.”

ಸದ್ಯ, ಯಾರಿಗೂ ಗೊತ್ತಾಗಲಿಲ್ಲ ಎಂದು ನಾನು ಉಸಿರುಬಿಟ್ಟೆ. ನಾಚಿಕೆಗೇಡಿನ ಉಸಿರು ಅದು. ಡಾಕ್ಟರು ಆರು ವಾರ ಕಾಲು ಮಡಚಬಾರದು ಎಂದರು. ಈ ವಯಸ್ಸಿನಲ್ಲಿ ಇನ್ನು ಇಂಥ ಆಟ ಸಾಕು ಎಂದು ಅಪ್ಪ ಗದರಿದರು. ನಾನು ಎರಡು ದಿನ ಜ್ವರ ಬಂದವಳ ಹಾಗೆ ಮೂಲೆ ಹಿಡಿದೆ. ಹೇಳಿಬಿಡಬೇಕೆಂದು ಅಮ್ಮನ ಹತ್ತಿರ ಹೋಗುತ್ತಿದ್ದೆ, ಅವಳು ತಲೆ ಸವರಿದ ಕೂಡಲೇ ಎದ್ದು ಹೊರಗೆ ಓಡುತ್ತಿದ್ದೆ.

ಎಳ್ಳಮವಾಸ್ಯೆ ಬಂತು. ಸಜ್ಜೆರೊಟ್ಟಿಯನ್ನು ಅವ್ವ ಬಡಿದಳು. ಅಮ್ಮ ಬಾಗಿಲಿನ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಕೂತಿದ್ದಳು. ಅಂದು ಮೇಲಿನಿಂದ ಒಂದು ಮಾತೂ ಬೀಳಲಿಲ್ಲ. ಹಿಟ್ಟು ಹೆಚ್ಚಾಯಿತು ಎನ್ನಲಿಲ್ಲ, ಉರಿ ದೊಡ್ಡದಾಯಿತು ಎನ್ನಲಿಲ್ಲ. ಅವ್ವ ನಾಲ್ಕು ರೊಟ್ಟಿಯವರೆಗೆ ಕಾದಳು. ಐದನೆಯದಕ್ಕೆ ತಡೆಯಲಾಗದೆ ತಿರುಗಿದಳು.

“ಅತ್ತಿ, ದಪ್ಪ ಆಗ್ಯಾವೇನ್ರಿ? ಏನರ ಹೇಳ್ರಿ.”

“ಛಲೋ ಆಗ್ಯಾವ ತಗಿ.”

ಅವ್ವ ಮುಖ ತಿರುಗಿಸಿಕೊಂಡು ಹೊಗೆ ಕಣ್ಣಿಗೆ ಹೋಯಿತೆಂದಳು. ನಾನು ಕರಿಭೂಮಿಯ ಹೊಲದಲ್ಲಿ, ಕಡಲೆ ಗಿಡಗಳ ನಡುವೆ, ಚರಗದ ಬುಟ್ಟಿ ಹಿಡಿದು ಎಲ್ಲರ ಹಿಂದೆ ನಡೆದೆ. ಪ್ರತಿವರ್ಷ ನಾನೇ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು.

ಹಬ್ಬ ಮುಗಿದ ಮರುದಿನ ಹಾಲು ಕರೆಯುವ ಹೊತ್ತಿಗೆ ಯಾರೋ ನನ್ನ ಹೊದಿಕೆ ಎಳೆದರು. ಅಮ್ಮ! ಕೈಯಲ್ಲಿ ಕೋಲು ಹಿಡಿದು ನಿಂತಿದ್ದಳು.

“ಏಳ, ಮಾಸ್ತರಬಾಯಿ. ನಿನ್ನ ಸಾಲಿ ಬಂದ್ ಆಗೈತೇನು?”

ನನಗೆ ಅಳು ಬಂತು, ನಗುವೂ ಬಂತು. ಇಮಾಮಸಾಬ್ ಮಾಸ್ತರರು ಬಂದು ನೋಡಿ, ಎರಡು ಹೆಜ್ಜೆ ಹಿಂದೆ ಹೋಗಿ ಐದರಿಂದ ಶುರುಮಾಡಿ ಎಂದರು. ಏನಾಯಿತೆಂದು ಕೇಳಿದ್ದಕ್ಕೆ, ಮುದುಕಿಗೆ ಆಸೆ ಹೆಚ್ಚಾಗಿತ್ತು ಮಾಸ್ತರ ಎಂದು ಅಮ್ಮ ಹಾರಿಸಿಬಿಟ್ಟಳು. ಅಪ್ಪ ಗೊಣಗುತ್ತಲೇ ಕುರ್ಚಿಯನ್ನು ಗೋಡೆಗೆ ಆನಿಸಿ, ಅಲುಗದಂತೆ ಕಾಲಿಗೆ ಕಲ್ಲು ಕೊಟ್ಟರು. ಈ ಸಲ ಅಮ್ಮ ಬೆರಳು ಮಡಚಲಿಲ್ಲ, ಅಮವಾಸ್ಯೆ ಎಣಿಸಲಿಲ್ಲ. ಯಾವ ಕೌದಿ ಯಾವಾಗ ಹೋಯಿತೋ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ನಾಲ್ಕಿರುತ್ತಿತ್ತು, ಯುಗಾದಿಯ ಸುಮಾರಿಗೆ ನೋಡಿದರೆ ಮೂರು. ನಾನು ಪಕ್ಕದಲ್ಲಿ ಬರಿನೆಲದ ಮೇಲೆ ಕೂತು, ಅವಳ ಲಾಭ, ಎರಡು, ಮೂರಿನ ಜೊತೆ ನನ್ನ ಉಸಿರು ಅಳೆಯುತ್ತಿದ್ದೆ. ಸುಮ್ಮನೆ ಕೂರುವುದನ್ನು ನಾನು ಕಲಿತದ್ದು ಆ ಬೇಸಿಗೆಯಲ್ಲೇ. ಬಿಸಿಲಿನ ಚೌಕ ಗೋಡೆಯಿಂದ ಚೀಲದವರೆಗೆ ಸರಿಯುವುದನ್ನು ಪೂರ್ತಿ ನೋಡುತ್ತಿದ್ದೆ, ಮೊದಲು ಅದರ ನಡುವೆ ಹತ್ತು ಸಲ ಎದ್ದು ಓಡಿರುತ್ತಿದ್ದೆ.

ಮತ್ತೆ ಶಾಲೆ ಶುರುವಾಯಿತು, ನಾನು ಐದನೆಯ ಇಯತ್ತೆಗೆ ಬಂದೆ. ಮಣ್ಣೆತ್ತಿನ ಅಮವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು. ಅಂದು ಯಾವ ಹಬ್ಬವೂ ಅಲ್ಲ, ಬರೀ ಒಂದು ಮಂಗಳವಾರ. ಶಾಲೆ ಬಿಟ್ಟು ಓಣಿಗೆ ತಿರುಗಿದವಳು ಅಲ್ಲೇ ನಿಂತುಬಿಟ್ಟೆ. ದಪ್, ದಪ್. ಒಂದು ಮೌನ. ದಪ್.

ಹೇಗೆ ಓಡಿದೆನೋ! ಒಂದು ಚಪ್ಪಲಿ ಓಣಿಯಲ್ಲೇ ಬಿತ್ತು. ಪಡಸಾಲೆಯಲ್ಲಿ ಕೌದಿಗಳೆಲ್ಲ ಮೂಲೆಯ ಪೇರಿಕೆಗೆ ಹೋಗಿ ಕೂತಿದ್ದವು. ಕುರ್ಚಿ ಮಡಿಸಿ ಗೋಡೆಗೆ ಒರಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಲೆಯ ಮುಂದೆ, ಬರಿನೆಲದ ಮೇಲೆ, ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಅಮ್ಮ ಕೂತಿದ್ದಳು. ಮುಂಗೈವರೆಗೆ ಹಿಟ್ಟು, ಮುಖದ ಮೇಲೆ ಬೆಂಕಿಯ ಕೆಂಪು. ಅವ್ವ ಪಕ್ಕಕ್ಕೆ ಸರಿದು ಕೂತು ಹಿಟ್ಟು ನಾದುತ್ತಿದ್ದಳು. ಅಮ್ಮ ಹಂಚಿನ ಮೇಲೆ ಉಬ್ಬಿದ ಮೊದಲ ರೊಟ್ಟಿಯನ್ನು ತೆಗೆದು, ಬೂದಿ ಕೊಡವಿ, ಅವ್ವನ ಮುಂದೆ ಹಿಡಿದಳು.

“ತಗೋ. ಕೆಳಗ ಬಂದು ಬಡದು ತೋರಸು ಅಂದಿದ್ದಿಯಲ್ಲ.”

ಅವ್ವ ರೊಟ್ಟಿ ತೆಗೆದುಕೊಂಡಳು. ನಗಲು ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟಳು.

“ಒಂದು ವರ್ಷ ಆ ಮಾತ ಹೊಟ್ಟ್ಯಾಗ ಇಟ್ಕೊಂಡಿದ್ರೇನ್ರೀ ಅತ್ತಿ?”

“ಹೊಟ್ಟ್ಯಾಗ ಎಲ್ಲಿ ಇಟ್ಕೊಳ್ಳಲಿ, ಮೊಣಕಾಲಾಗ ಇಟ್ಕೊಂಡಿದ್ದೆ. ಈಗ ತಿನ್ನು. ಉಪ್ಪು ಸರಿ ಐತೇನು ಹೇಳು.”

ಅವ್ವ ಅಳುತ್ತಲೇ ತುಂಡು ಮುರಿದು ಬಾಯಿಗಿಟ್ಟು, ಸರಿ ಐತ್ರಿ ಎಂದು ತಲೆಯಾಡಿಸಿದಳು. ಅಮ್ಮ ಎರಡನೆಯದನ್ನು ಬಡಿಯಲು ಶುರುಮಾಡಿದಳು. ದಪ್, ದಪ್. ಹಂಚಿಗೆ ಹಾಕಿ, ನೀರು ಸವರಿ, ತಿರುಗಿಸಿ, ತೆಗೆದು, ನನ್ನ ಕಡೆ ನೋಡದೆಯೇ ಚಾಚಿದಳು.

“ಇದು ದಪ್ಪ ಕೌದಿ ತಗದು ಕೂಸಿನ ಕೌದಿ ಇಟ್ಟಾಕಿಗೆ. ಬಾಗಲದಾಗ ಯಾಕ ನಿಂತಿ? ಕೈ ತೊಳಕೊಂಡು ಬಾ, ಬಿಸಿ ಇದ್ದಾಗ ತಿನ್ನು.”

ಅವ್ವನಿಗೆ ಆ ಮಾತು ಅರ್ಥವಾಗಲಿಲ್ಲ. ನನಗೆ ಆಯಿತು. ಕೈ ತೊಳೆಯಲಿಲ್ಲ, ಹೆಗಲಿನ ಪಾಟಿಚೀಲವನ್ನೂ ತೆಗೆಯಲಿಲ್ಲ. ಹೋಗಿ ಅಮ್ಮನ ತೊಡೆಗೆ ಒತ್ತಿಕೊಂಡು ಆ ನೆಲದ ಮೇಲೆ ಕೂತುಬಿಟ್ಟೆ.